ಕೌಂಟಿ ಕೋರ್ಟಿನ ಅಂಗಳದಲ್ಲಿ ಪ್ರಜಾಪ್ರಭುತ್ವ: ಆರಂಭಕಾಲದ ಅಮೆರಿಕದ ಸ್ಥಳೀಯ ಚುನಾವಣೆಗಳು

ಅಮೆರಿಕದ ಚುನಾವಣೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶ್ವೇತಭವನ, ಅಧ್ಯಕ್ಷೀಯ ಅಭ್ಯರ್ಥಿಗಳ ಮುಖಾಮುಖಿ ಚರ್ಚೆ, ಕೋಟ್ಯಂತರ ಡಾಲರ್‌ಗಳ ಪ್ರಚಾರ. ಆದರೆ ಆ ದೇಶ ಸ್ವತಂತ್ರವಾದ ಮೊದಲ ನಾಲ್ಕೈದು ದಶಕಗಳಲ್ಲಿ ಸಾಮಾನ್ಯ ಮತದಾರನ ಪಾಲಿಗೆ ಚುನಾವಣೆ ಎಂದರೆ ಬೇರೆಯೇ ಆಗಿತ್ತು. ಅಧ್ಯಕ್ಷ ಯಾರು ಎಂಬುದಕ್ಕಿಂತ ತನ್ನ ಕೌಂಟಿಯ ಶೆರೀಫ್ ಯಾರು, ತೆರಿಗೆ ನಿರ್ಧರಿಸುವವರು ಯಾರು, ನ್ಯಾಯಾಲಯದ ಕಟ್ಟಡ ಯಾವ ಊರಿನಲ್ಲಿ ಏಳಬೇಕು ಎಂಬ ಪ್ರಶ್ನೆಗಳೇ ಅವನಿಗೆ ದೊಡ್ಡವು. ಇಂತಹ ಒಂದು ಕಟ್ಟಡದ ಜಗಳವೇ 1807ರಲ್ಲಿ ನ್ಯೂಜೆರ್ಸಿ ರಾಜ್ಯದ ಮಹಿಳೆಯರ ಮತ್ತು ಕಪ್ಪು ಜನರ ಮತದಾನದ ಹಕ್ಕನ್ನು ನುಂಗಿಹಾಕಿತು ಎಂದರೆ ಅಚ್ಚರಿಯಾಗಬಹುದು.

ಅವನು ಎಂದೆವು. ಆದರೆ ನ್ಯೂಜೆರ್ಸಿಯ ಮಟ್ಟಿಗೆ ಅವನು ಅಥವಾ ಅವಳು ಎನ್ನಬೇಕು. ಆ ಕಥೆಗೆ ಹೋಗುವ ಮುನ್ನ ಕೌಂಟಿ ಎಂಬ ವ್ಯವಸ್ಥೆಯ ಪರಿಚಯ ಅಗತ್ಯ.

ಕೌಂಟಿ ಎಂದರೇನು?

ಕೌಂಟಿಯನ್ನು ಸ್ಥೂಲವಾಗಿ ನಮ್ಮ ಜಿಲ್ಲೆಗೆ ಹೋಲಿಸಬಹುದು. ಇಂಗ್ಲೆಂಡಿನ ಶೈರ್ ಎಂಬ ಆಡಳಿತ ಘಟಕವನ್ನು ವಸಾಹತುಗಾರರು ತಮ್ಮೊಡನೆ ಅಟ್ಲಾಂಟಿಕ್ ದಾಟಿಸಿ ತಂದರು. ವರ್ಜೀನಿಯಾದಲ್ಲಿ 1634ರಲ್ಲಿಯೇ ಇಂತಹ 8 ಘಟಕಗಳು ರಚನೆಯಾದವು. ರಸ್ತೆ, ಸೇತುವೆ, ಸೆರೆಮನೆ, ಬಡವರ ಪೋಷಣೆ, ಭೂದಾಖಲೆ, ತೆರಿಗೆ ವಸೂಲಿ, ಸಣ್ಣಪುಟ್ಟ ವ್ಯಾಜ್ಯಗಳ ತೀರ್ಮಾನ ಇವೆಲ್ಲ ಕೌಂಟಿಯ ಹೊಣೆ. ದಕ್ಷಿಣದಲ್ಲಿ ಕೌಂಟಿಗೆ ಹೆಚ್ಚು ಅಧಿಕಾರ. ಉತ್ತರದ ನ್ಯೂ ಇಂಗ್ಲೆಂಡಿನಲ್ಲಿ ಟೌನ್ ಎಂಬ ಊರ ಸಭೆಗೆ ಹೆಚ್ಚು ಅಧಿಕಾರ. ನಡುವಣ ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ಎರಡೂ ಬೆರೆತಿದ್ದವು.

ಕೌಂಟಿಯ ಹೃದಯವೆಂದರೆ ಕೋರ್ಟ್‌ಹೌಸ್, ಅಂದರೆ ನ್ಯಾಯಾಲಯ ಭವನ. ಕೋರ್ಟು ಸೇರುವ ದಿನ ಸುತ್ತಲಿನ ರೈತರು, ವಕೀಲರು, ವ್ಯಾಪಾರಿಗಳು ಅಲ್ಲಿ ನೆರೆಯುತ್ತಿದ್ದರು. ಹೆಂಡದಂಗಡಿ, ವಸತಿಗೃಹ, ಸಂತೆ ಎಲ್ಲವೂ ಅದರ ಸುತ್ತ ಬೆಳೆಯುತ್ತಿದ್ದವು. ಕೋರ್ಟ್‌ಹೌಸ್ ಇದ್ದ ಊರಿಗೆ ಹಣವೂ ಗೌರವವೂ ಹರಿದು ಬರುತ್ತಿತ್ತು. ಅದನ್ನು ಕಳೆದುಕೊಂಡ ಊರು ಹಿಂದೆ ಬೀಳುವ ಅಪಾಯವಿತ್ತು. ಆದ್ದರಿಂದಲೇ ಕೌಂಟಿ ಕೇಂದ್ರ ಯಾವುದಾಗಬೇಕು ಎಂಬ ಪ್ರಶ್ನೆ ಆ ಕಾಲದಲ್ಲಿ ಮತ್ತೆ ಮತ್ತೆ ಕಿಡಿ ಹೊತ್ತಿಸಿದೆ.

ಎಲ್ಲ ಹುದ್ದೆಗೂ ಚುನಾವಣೆ ಇರಲಿಲ್ಲ

ಸ್ವಾತಂತ್ರ್ಯ ಘೋಷಣೆಯೊಡನೆ ಎಲ್ಲ ಸ್ಥಳೀಯ ಅಧಿಕಾರಿಗಳೂ ಜನರಿಂದ ಆಯ್ಕೆಯಾಗತೊಡಗಿದರು ಎಂದು ಭಾವಿಸಿದರೆ ತಪ್ಪಾಗುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಪದ್ಧತಿ ಬೇರೆಯಾಗಿತ್ತು.

ವರ್ಜೀನಿಯಾದಲ್ಲಿ ಕೌಂಟಿಯ ನ್ಯಾಯಾಧಿಕಾರಿಗಳನ್ನು ಗವರ್ನರ್ ನೇಮಿಸುತ್ತಿದ್ದರು. ಹೊಸಬರ ಹೆಸರನ್ನು ಶಿಫಾರಸು ಮಾಡುತ್ತಿದ್ದವರು ಹಳೆಯ ನ್ಯಾಯಾಧಿಕಾರಿಗಳೇ! ಹೀಗಾಗಿ ಕೆಲವೇ ಕುಟುಂಬಗಳ ಕೈಯಲ್ಲಿ ಅಧಿಕಾರ ತಲೆಮಾರುಗಳ ಕಾಲ ಉಳಿಯಿತು. ಅಲ್ಲಿ ಕೌಂಟಿ ಹುದ್ದೆಗಳಿಗೆ ಚುನಾವಣೆ ಬಂದದ್ದು 1851ರ ಸಂವಿಧಾನದ ನಂತರ. ಅಲ್ಲಿಯವರೆಗೆ ಕೌಂಟಿಯ ಮತದಾರರು ಮುಖ್ಯವಾಗಿ ಆರಿಸುತ್ತಿದ್ದುದು ಶಾಸನಸಭೆಯ ಪ್ರತಿನಿಧಿಗಳನ್ನು. ನ್ಯೂಯಾರ್ಕಿನಲ್ಲಿ ಶೆರೀಫರನ್ನು ನೇಮಕಾತಿ ಮಂಡಳಿಯೊಂದು ನೇಮಿಸುತ್ತಿತ್ತು. 1821ರ ಸಂವಿಧಾನ ಆ ಮಂಡಳಿಯನ್ನು ರದ್ದುಪಡಿಸಿ ಶೆರೀಫ್ ಆಯ್ಕೆಯನ್ನು ಜನರಿಗೆ ಕೊಟ್ಟಿತು. ಪೆನ್ಸಿಲ್ವೇನಿಯಾದ್ದು ಮಧ್ಯಮ ಮಾರ್ಗ. ಅಲ್ಲಿ ಜನರು ಶೆರೀಫ್ ಹುದ್ದೆಗೆ ಇಬ್ಬರನ್ನು ಆರಿಸಿ ಕಳುಹಿಸಿದರೆ ಅವರಲ್ಲಿ ಒಬ್ಬರಿಗೆ ಗವರ್ನರ್ ಅಧಿಕಾರಪತ್ರ ನೀಡುತ್ತಿದ್ದರು.

ನ್ಯೂಜೆರ್ಸಿ ಈ ವಿಷಯದಲ್ಲಿ ಮುಂದಿತ್ತು. ಅದರ 1776ರ ಸಂವಿಧಾನದ ಪ್ರಕಾರ ಪ್ರತಿ ಕೌಂಟಿಯ ಮತದಾರರು ಪ್ರತಿ ವರ್ಷ ಒಬ್ಬ ಶೆರೀಫ್ ಮತ್ತು ಒಬ್ಬ ಅಥವಾ ಹೆಚ್ಚು ಕರೋನರ್‌ಗಳನ್ನು ಆರಿಸಬೇಕಿತ್ತು. ಅನುಮಾನಾಸ್ಪದ ಸಾವುಗಳ ವಿಚಾರಣೆ ನಡೆಸುವವನು ಕರೋನರ್. ಒಬ್ಬನೇ ಸತತವಾಗಿ 3 ವರ್ಷಕ್ಕಿಂತ ಹೆಚ್ಚು ಕಾಲ ಶೆರೀಫ್ ಆಗಿರುವಂತಿರಲಿಲ್ಲ. ಮತ್ತೆ ಸ್ಪರ್ಧಿಸಲು 3 ವರ್ಷ ಕಾಯಬೇಕಿತ್ತು. ಅದೇ ಮತದಾನದಲ್ಲಿ ಪ್ರತಿ ಕೌಂಟಿಯಿಂದ ರಾಜ್ಯದ ಮೇಲ್ಮನೆಗೆ ಒಬ್ಬರು, ಕೆಳಮನೆಗೆ ಮೂವರು ಆಯ್ಕೆಯಾಗುತ್ತಿದ್ದರು. ಇದಲ್ಲದೆ ಪ್ರತಿ ಟೌನ್‌ಶಿಪ್ಪಿನವರು ಫ್ರೀಹೋಲ್ಡರ್ ಎಂಬ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಇವರೆಲ್ಲ ಸೇರಿದ ಮಂಡಳಿ ಕೌಂಟಿಯ ಖರ್ಚುವೆಚ್ಚ ನೋಡಿಕೊಳ್ಳುತ್ತಿತ್ತು. ಭೂಮಾಲೀಕ ಎಂಬ ಅರ್ಥದ ಈ ಹೆಸರು ನ್ಯೂಜೆರ್ಸಿಯಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಉಳಿದು, 2021ರ ಜನವರಿ 1ರಿಂದಷ್ಟೇ ಕಮಿಷನರ್ ಎಂದು ಬದಲಾಯಿತು. ಆಸ್ತಿಯುಳ್ಳ ಬಿಳಿಯರಿಗೆ ಮಾತ್ರ ಅಧಿಕಾರವಿದ್ದ ಕಾಲದ ವಾಸನೆ ಆ ಪದಕ್ಕೆ ಅಂಟಿಕೊಂಡಿದೆ ಎಂಬುದೇ ಬದಲಾವಣೆಗೆ ಕಾರಣ.

ಮತ ಹಾಕುವುದಲ್ಲ, ಮತ ಕೂಗುವುದು

ಮತದಾನದ ವಿಧಾನವೂ ಕುತೂಹಲಕರ. ವರ್ಜೀನಿಯಾದಲ್ಲಿ ಗುಪ್ತ ಮತದಾನ ಇರಲಿಲ್ಲ. ಕೋರ್ಟ್‌ಹೌಸಿನಲ್ಲಿ ಶೆರೀಫ್ ಮೇಜಿನ ಮುಂದೆ ಕೂರುತ್ತಿದ್ದ. ಪಕ್ಕದಲ್ಲಿ ಗುಮಾಸ್ತರು, ಅನೇಕ ವೇಳೆ ಅಭ್ಯರ್ಥಿಗಳೂ ಅಲ್ಲಿಯೇ. ಮತದಾರ ಮುಂದೆ ಬಂದು ತನ್ನ ಆಯ್ಕೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಗುಮಾಸ್ತ ಬರೆದುಕೊಳ್ಳುತ್ತಾನೆ. ಮತ ಪಡೆದ ಅಭ್ಯರ್ಥಿ ಎದ್ದು ಕೃತಜ್ಞತೆ ಹೇಳುತ್ತಾನೆ. ಸಾಲ ಕೊಟ್ಟ ಧಣಿ, ಗೇಣಿಗೆ ಭೂಮಿ ಕೊಟ್ಟ ಒಡೆಯ ಎದುರಿಗೇ ಕುಳಿತಿರುವಾಗ ಬಡ ರೈತನ ದನಿ ಎಷ್ಟು ಸ್ವತಂತ್ರವಾಗಿತ್ತು ಎಂಬುದನ್ನು ಓದುಗರು ಊಹಿಸಬಹುದು. ಕೆಂಟಕಿ ರಾಜ್ಯದಲ್ಲಿ ಈ ಪದ್ಧತಿ 1891ರವರೆಗೂ ನಡೆಯಿತು.

ಮತದಾರರಿಗೆ ಹೆಂಡ ಹಂಚುವುದು ಕಾನೂನಿಗೆ ವಿರುದ್ಧವಾಗಿದ್ದರೂ ಸಂಪ್ರದಾಯಕ್ಕೆ ವಿರುದ್ಧವಾಗಿರಲಿಲ್ಲ. ವಸಾಹತು ಕಾಲದಲ್ಲಿ, 1758ರಲ್ಲಿ, ಜಾರ್ಜ್ ವಾಷಿಂಗ್ಟನ್ ಫ್ರೆಡರಿಕ್ ಕೌಂಟಿಯಿಂದ ಸ್ಪರ್ಧಿಸಿದಾಗ ಅವರ ಕಡೆಯವರು 140 ಗ್ಯಾಲನ್‌ಗೂ ಹೆಚ್ಚು ರಮ್, ವೈನ್, ಬಿಯರ್ ಇತ್ಯಾದಿಗಳನ್ನು ಹಂಚಿದ್ದರು. ಸೇನಾ ಕಾರ್ಯಾಚರಣೆಯಲ್ಲಿದ್ದ ವಾಷಿಂಗ್ಟನ್ ಊರಿನಲ್ಲಿರಲಿಲ್ಲ; ಆದರೂ ಗೆದ್ದರು. ಇದಕ್ಕೆ ವಿರುದ್ಧ ಉದಾಹರಣೆ ಜೇಮ್ಸ್ ಮ್ಯಾಡಿಸನ್. ಮುಂದೆ ಅಮೆರಿಕದ ಸಂವಿಧಾನದ ಪಿತಾಮಹ ಎನಿಸಿಕೊಂಡ ಮ್ಯಾಡಿಸನ್, 1777ರಲ್ಲಿ ಆರೆಂಜ್ ಕೌಂಟಿಯಿಂದ ಸ್ಪರ್ಧಿಸಿದಾಗ ಗಣರಾಜ್ಯದ ತತ್ವಕ್ಕೆ ಇದು ಒಪ್ಪುವುದಿಲ್ಲವೆಂದು ಹೆಂಡ ಹಂಚಲು ನಿರಾಕರಿಸಿದರು. ಗೆದ್ದದ್ದು ಚಾರ್ಲ್ಸ್ ಪೋರ್ಟರ್ ಎಂಬ ಪಾನಗೃಹದ ಮಾಲೀಕ!

ಶೆರೀಫ್ ಹುದ್ದೆಯ ಮಹತ್ವ ತಿಳಿಯಲು 1792ರ ನ್ಯೂಯಾರ್ಕ್ ಗವರ್ನರ್ ಚುನಾವಣೆಯನ್ನು ನೋಡಬೇಕು. ಕೌಂಟಿಗಳ ಮತಪತ್ರಗಳನ್ನು ಶೆರೀಫರು ರಾಜ್ಯದ ಎಣಿಕೆ ಸಮಿತಿಗೆ ತಲುಪಿಸಬೇಕಿತ್ತು. ಆಟ್ಸೆಗೋ ಕೌಂಟಿಯ ಮತಪತ್ರಗಳು ಬಂದಾಗ, ಅಲ್ಲಿಯ ಶೆರೀಫನ ಅಧಿಕಾರಾವಧಿ ಮುಗಿದಿತ್ತು ಎಂಬ ತಕರಾರು ಎದ್ದಿತು. ಸಮಿತಿಯ ಬಹುಮತ ಆಟ್ಸೆಗೋ ಜೊತೆಗೆ ಕ್ಲಿಂಟನ್ ಮತ್ತು ಟಿಯೋಗಾ ಕೌಂಟಿಗಳ ಮತಗಳನ್ನೂ ತಾಂತ್ರಿಕ ಕಾರಣಗಳಿಗಾಗಿ ತಳ್ಳಿಹಾಕಿತು. ಪರಿಣಾಮವಾಗಿ ಜಾರ್ಜ್ ಕ್ಲಿಂಟನ್ 108 ಮತಗಳ ಅಂತರದಿಂದ ಜಾನ್ ಜೇ ಅವರನ್ನು ಸೋಲಿಸಿದರೆಂದು ಘೋಷಣೆಯಾಯಿತು. ಆಟ್ಸೆಗೋ ಮತಗಳನ್ನು ಎಣಿಸಿದ್ದರೆ ಜೇ ಗೆಲ್ಲುತ್ತಿದ್ದರೆಂದೇ ಅವರ ಬೆಂಬಲಿಗರು ನಂಬಿದ್ದರು. ಒಂದು ಕೌಂಟಿಯ ಒಬ್ಬ ಅಧಿಕಾರಿಯ ನೇಮಕಪತ್ರದ ತಾರೀಕು ಇಡೀ ರಾಜ್ಯದ ಭವಿಷ್ಯವನ್ನು ತೂಗಿತ್ತು.

ನ್ಯೂಜೆರ್ಸಿಯ ಅಪೂರ್ವ ಪ್ರಯೋಗ

ಬಹುತೇಕ ರಾಜ್ಯಗಳಲ್ಲಿ ಆಸ್ತಿಯುಳ್ಳ ಅಥವಾ ತೆರಿಗೆ ಕಟ್ಟುವ ಗಂಡಸರಿಗಷ್ಟೇ ಮತ. ಆದರೆ 1776ರ ಜುಲೈ 2ರಂದು ಅಂಗೀಕಾರವಾದ ನ್ಯೂಜೆರ್ಸಿ ಸಂವಿಧಾನ ಗಂಡಸರು ಎನ್ನಲಿಲ್ಲ, ಬಿಳಿಯರು ಎನ್ನಲಿಲ್ಲ. 50 ಪೌಂಡ್ ಮೌಲ್ಯದ ಆಸ್ತಿಯಿರುವ, ಕೌಂಟಿಯಲ್ಲಿ 12 ತಿಂಗಳು ವಾಸವಿದ್ದ, ವಯಸ್ಕ ನಿವಾಸಿಗಳೆಲ್ಲರೂ ಮತದಾರರು ಎಂದಿತು. ಅಂದರೆ ಆಸ್ತಿ ಇದ್ದ ಮಹಿಳೆಯೂ ಸ್ವತಂತ್ರ ಕಪ್ಪು ವ್ಯಕ್ತಿಯೂ ಮತ ಹಾಕಬಹುದಿತ್ತು. ವಿವಾಹಿತ ಮಹಿಳೆಯ ಆಸ್ತಿ ಅಂದಿನ ಕಾನೂನಿನಂತೆ ಗಂಡನ ವಶವಾಗುತ್ತಿದ್ದುದರಿಂದ, ವಾಸ್ತವದಲ್ಲಿ ಈ ಹಕ್ಕು ವಿಧವೆಯರಿಗೆ ಮತ್ತು ಅವಿವಾಹಿತೆಯರಿಗೆ ಸೀಮಿತವಾಗಿತ್ತು. ರಾಜ್ಯದಲ್ಲಿ ಗುಲಾಮಗಿರಿಯೂ ಜೀವಂತವಾಗಿತ್ತು. 1800ರ ಜನಗಣತಿಯ ವೇಳೆಗೆ ಅಲ್ಲಿ 12 ಸಾವಿರಕ್ಕೂ ಹೆಚ್ಚು ಗುಲಾಮರಿದ್ದರು. ಅವರಿಗೆ ಯಾವ ಹಕ್ಕೂ ಇರಲಿಲ್ಲ.

ಇದು ಕಣ್ತಪ್ಪಿನಿಂದ ಆದ ಪದಪ್ರಯೋಗ ಎಂದು ಕೆಲವರು ವಾದಿಸುವುದುಂಟು. ಆದರೆ ಮುಂದಿನ ಶಾಸನಗಳು ಈ ವಾದವನ್ನು ದುರ್ಬಲಗೊಳಿಸುತ್ತವೆ. 1790ರ ಚುನಾವಣಾ ಕಾಯ್ದೆ 13 ಕೌಂಟಿಗಳ ಪೈಕಿ 7ಕ್ಕೆ ಅನ್ವಯಿಸುವಂತೆ ಮತದಾರರನ್ನು ಅವನು ಅಥವಾ ಅವಳು ಎಂದೇ ಕರೆಯಿತು. 1797ರ ಕಾಯ್ದೆ ಅದನ್ನು ರಾಜ್ಯದಾದ್ಯಂತ ವಿಸ್ತರಿಸಿತು. ಅದರೊಡನೆ ಟೌನ್‌ಶಿಪ್‌ಗಳಲ್ಲಿಯೇ ಮತಗಟ್ಟೆ ತೆರೆಯುವ, ಹೆಸರು ಬರೆದ ಚೀಟಿಯ ಮೂಲಕ ಮತ ನೀಡುವ ವ್ಯವಸ್ಥೆಯೂ ಬಂತು. ದೂರದ ಕೋರ್ಟ್‌ಹೌಸಿಗೆ ಹೋಗಬೇಕಾದ ಕಷ್ಟ ತಪ್ಪಿದ್ದರಿಂದ ಮಹಿಳೆಯರ ಮತದಾನ ಸುಲಭವಾಯಿತು.

ಅದೇ 1797ರಲ್ಲಿ ಎಸೆಕ್ಸ್ ಕೌಂಟಿಯ ಎಲಿಝಬೆತ್‌ಟೌನ್‌ನಲ್ಲಿ ಸುಮಾರು 75 ಮಹಿಳೆಯರು ಫೆಡರಲಿಸ್ಟ್ ಅಭ್ಯರ್ಥಿ ವಿಲಿಯಂ ಕ್ರೇನ್ ಪರವಾಗಿ ಮತ ಹಾಕಿದರು. ನ್ಯೂಆರ್ಕ್‌ನ ರಿಪಬ್ಲಿಕನ್ ನಾಯಕ ಜಾನ್ ಕಾಂಡಿಕ್ಟ್ ಅಲ್ಪ ಅಂತರದಿಂದ ಪಾರಾದರು. ಅಂದಿನಿಂದ ಎರಡೂ ಪಕ್ಷಗಳು ಮಹಿಳಾ ಮತದಾರರನ್ನು ಓಲೈಸತೊಡಗಿದವು. ಎದುರಾಳಿಗೆ ಅವರ ಮತ ಬಿದ್ದಾಗ ದೂರತೊಡಗಿದವು.

ಈ ಮಹಿಳೆಯರು ಯಾರು ಎಂಬುದು ಬಹುಕಾಲ ಸ್ಪಷ್ಟವಿರಲಿಲ್ಲ. ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯದ ಸಂಶೋಧಕರು ಹಳೆಯ ಮತದಾರರ ಪಟ್ಟಿಗಳನ್ನು ಹುಡುಕಿ ತೆಗೆದು, 1800ರಿಂದ 1807ರ ನಡುವೆ ಮತ ಹಾಕಿದ 163 ಮಹಿಳೆಯರ ಹೆಸರುಗಳನ್ನು ಗುರುತಿಸಿ 2020ರಲ್ಲಿ ಪ್ರದರ್ಶನ ಏರ್ಪಡಿಸಿದರು. ಸಾಮರ್‌ಸೆಟ್ ಕೌಂಟಿಯ ಮಾಂಟ್‌ಗಮರಿ ಟೌನ್‌ಶಿಪ್ಪಿನ 1801ರ ಒಂದೇ ಪಟ್ಟಿಯಲ್ಲಿ ಕನಿಷ್ಠ 46 ಮಹಿಳೆಯರ ಹೆಸರುಗಳಿವೆ.

ಕಟ್ಟಡದ ಜಗಳ, 14 ಸಾವಿರ ಮತ

ಈಗ 1807ರ ಪ್ರಕರಣಕ್ಕೆ ಬರೋಣ. ಎಸೆಕ್ಸ್ ಕೌಂಟಿಯಲ್ಲಿ ಎರಡು ಪ್ರಬಲ ಊರುಗಳು: 1664ರಲ್ಲಿ ಸ್ಥಾಪನೆಯಾದ ಎಲಿಝಬೆತ್‌ಟೌನ್, 1666ರಲ್ಲಿ ಸ್ಥಾಪನೆಯಾದ ನ್ಯೂಆರ್ಕ್. ಮೊದಲನೆಯದು ವಸಾಹತಿನ ಹಳೆಯ ರಾಜಧಾನಿ ಎಂಬ ಹೆಮ್ಮೆಯದು. ಎರಡನೆಯದು ಕೈಕಸುಬು, ವ್ಯಾಪಾರಗಳಿಂದ ಬೆಳೆಯುತ್ತಿದ್ದ ಊರು, ಕೌಂಟಿಯ ಕೇಂದ್ರವೂ ಹೌದು. ಹೊಸ ಕೋರ್ಟ್‌ಹೌಸ್ ಕಟ್ಟಬೇಕಾದಾಗ ಅದು ಎಲ್ಲಿರಬೇಕು ಎಂಬ ಪ್ರಶ್ನೆ ಎದ್ದಿತು. ರಾಜ್ಯ ಶಾಸನಸಭೆ 1806ರಲ್ಲಿ ಕಾಯ್ದೆ ಮಾಡಿ, ಕೌಂಟಿಯ ಮತದಾರರೇ ತೀರ್ಮಾನಿಸಲಿ ಎಂದಿತು.

1807ರ ಫೆಬ್ರವರಿಯಲ್ಲಿ ಮತದಾನ ನಡೆಯಿತು. ಎರಡೂ ಊರಿನವರು ಗೆಲ್ಲಲೇಬೇಕೆಂಬ ಹಟಕ್ಕೆ ಬಿದ್ದರು. ಗಾಡಿಗಳಲ್ಲಿ ಜನರನ್ನು ತುಂಬಿ ಒಂದು ಮತಗಟ್ಟೆಯಿಂದ ಇನ್ನೊಂದಕ್ಕೆ ಸಾಗಿಸಿದರೆಂದೂ, ಒಬ್ಬೊಬ್ಬರೇ ಹಲವು ಸಲ ಮತ ಹಾಕಿದರೆಂದೂ, ಆಸ್ತಿಯಿಲ್ಲದವರು, ವಯಸ್ಸಿಗೆ ಬಾರದವರು, ಗುಲಾಮರು, ಕೌಂಟಿಯ ಹೊರಗಿನವರು ಕೂಡ ಮತ ಹಾಕಿದರೆಂದೂ ಆರೋಪಗಳು ಕೇಳಿಬಂದವು. ಗಂಡಸರು ಮತ್ತು ಹುಡುಗರು ಹೆಂಗಸರ ಉಡುಪು ತೊಟ್ಟು ಮತ್ತೊಮ್ಮೆ ಮತ ಹಾಕಿದರು ಎಂಬ ಮಾತೂ ಇದೆ. ಇಂತಹ ವರ್ಣನೆಗಳಲ್ಲಿ ಹಲವು ಅರ್ಧ ಶತಮಾನದ ನಂತರ ಬರೆದ ಇತಿಹಾಸಗಳಿಂದ ಬಂದವು ಎಂಬುದನ್ನು ಗಮನದಲ್ಲಿಡಬೇಕು. ಆದರೆ ಅಂಕಿ ಅಂಶವೇ ಅಕ್ರಮವನ್ನು ಸಾರುತ್ತದೆ. ಮಕ್ಕಳು, ಗುಲಾಮರು ಎಲ್ಲ ಸೇರಿ 1800ರಲ್ಲಿ ಸುಮಾರು 22 ಸಾವಿರ ಜನಸಂಖ್ಯೆಯಿದ್ದ ಕೌಂಟಿಯಲ್ಲಿ ಬಿದ್ದ ಮತಗಳು ಸುಮಾರು 14 ಸಾವಿರ! ಇದು ಅರ್ಹ ಮತದಾರರ ಸಂಖ್ಯೆಯನ್ನು ಬಹುವಾಗಿ ಮೀರಿತ್ತು.

ನ್ಯೂಆರ್ಕ್ ಗೆದ್ದಿತು. ಸೋತವರು ಶಾಸನಸಭೆಗೆ ದೂರು ನೀಡಿದರು. ಶಾಸನಸಭೆ ಆ ಚುನಾವಣೆಯನ್ನೇ ಅಸಿಂಧುವೆಂದು ಘೋಷಿಸಿತು.

ಶಿಕ್ಷೆ ಯಾರಿಗೆ?

ಕಥೆ ಇಲ್ಲಿಗೆ ಮುಗಿದಿದ್ದರೆ ಇದೊಂದು ಮೋಜಿನ ಪ್ರಸಂಗವಾಗಿ ಉಳಿಯುತ್ತಿತ್ತು. ಆದರೆ 1807ರ ನವೆಂಬರ್‌ನಲ್ಲಿ ಶಾಸನಸಭೆ ಹೊಸ ಚುನಾವಣಾ ಕಾಯ್ದೆ ಮಾಡಿತು. 21 ವರ್ಷ ತುಂಬಿದ ಸ್ವತಂತ್ರ, ಬಿಳಿಯ, ಪುರುಷ ನಾಗರಿಕರಷ್ಟೇ ಇನ್ನು ಮುಂದೆ ಮತದಾರರು. ಮಹಿಳೆಯರು, ಕಪ್ಪು ಜನರು, ನಾಗರಿಕತ್ವ ಪಡೆಯದ ವಲಸಿಗರು ಒಂದೇ ಏಟಿಗೆ ಹೊರಬಿದ್ದರು. ಚುನಾವಣೆಯ ಪಾವಿತ್ರ್ಯ, ಸುವ್ಯವಸ್ಥೆ ಕಾಪಾಡುವುದೇ ಉದ್ದೇಶ ಎಂಬುದು ಕಾಯ್ದೆಯ ಪರವಾಗಿದ್ದವರ ಸಮರ್ಥನೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಇದೇ ಕಾಯ್ದೆ ಬಿಳಿಯ ಪುರುಷರಿಗೆ ಬಾಗಿಲನ್ನು ಇನ್ನಷ್ಟು ಅಗಲಗೊಳಿಸಿತು. ತೆರಿಗೆ ಕಟ್ಟಿದವನಿಗೆ 50 ಪೌಂಡ್ ಆಸ್ತಿ ಇದೆ ಎಂದೇ ಪರಿಗಣಿಸಬೇಕೆಂಬ ನಿಯಮ ಅದರಲ್ಲಿತ್ತು. ಅಂದರೆ ಆಸ್ತಿಯುಳ್ಳ ವಿಧವೆಯ ಹಕ್ಕು ಹೋಯಿತು. ಅವಳಿಗಿಂತ ಕಡಿಮೆ ಆಸ್ತಿಯ ಗಂಡಸಿಗೆ ಹಕ್ಕು ಬಂತು. ಮತದಾನದ ಹಕ್ಕು ಏಕಕಾಲದಲ್ಲಿ ಹಿಗ್ಗಿತು, ಕುಗ್ಗಿತು ಕೂಡ. ಎರಡನೆಯದು, ಸಂವಿಧಾನವನ್ನು ತಿದ್ದದೆ ಸಾಮಾನ್ಯ ಕಾಯ್ದೆಯ ಮೂಲಕ ಸಂವಿಧಾನದತ್ತ ಹಕ್ಕನ್ನು ಕಿತ್ತುಕೊಳ್ಳಲಾಯಿತು. 1844ರಲ್ಲಿ ಬಂದ ಹೊಸ ಸಂವಿಧಾನ ಬಿಳಿಯ ಪುರುಷ ಎಂಬ ಷರತ್ತನ್ನು ತನ್ನೊಳಗೇ ಸೇರಿಸಿಕೊಂಡಿತು.

ಎಸೆಕ್ಸ್‌ನಲ್ಲಿ ಗಾಡಿ ಕಟ್ಟಿದವರು, ಮತಗಟ್ಟೆಯ ಮೇಲ್ವಿಚಾರಣೆ ನಡೆಸಿದವರು, ಅನರ್ಹರ ಚೀಟಿಗಳನ್ನು ಸ್ವೀಕರಿಸಿದ ಅಧಿಕಾರಿಗಳು ಎಲ್ಲರೂ ಗಂಡಸರೇ. ಎರಡೂ ಊರಿನ ಗಣ್ಯರು ನಡೆಸಿದ ಪೈಪೋಟಿಗೆ ಬೆಲೆ ತೆತ್ತವರು, ಶಾಸನಸಭೆಯಲ್ಲಿ ಒಂದು ಸ್ಥಾನವೂ ಇಲ್ಲದ ಜನ. ಅಕ್ರಮ ತಡೆಯುವ ಹೆಸರಿನಲ್ಲಿ ಮತದಾರರ ಪಟ್ಟಿಯನ್ನು ಮೊಟಕುಗೊಳಿಸುವಾಗ ಯಾರ ಹೆಸರು ಮೊದಲು ಅಳಿಯುತ್ತದೆ ಎಂಬುದಕ್ಕೆ ಇದು ಆ ಗಣರಾಜ್ಯದ ಇತಿಹಾಸದಲ್ಲಿನ ಹಳೆಯ ನಿದರ್ಶನಗಳಲ್ಲೊಂದು.

ಎಸೆಕ್ಸ್ ಮರೆಯಲಿಲ್ಲ

ಅರ್ಧ ಶತಮಾನದ ನಂತರ ಅದೇ ಎಸೆಕ್ಸ್ ಕೌಂಟಿಯ ಆರೆಂಜ್ ಎಂಬ ಊರಿನಲ್ಲಿ ನೆಲೆಸಿದ್ದ ಹೋರಾಟಗಾರ್ತಿ ಲೂಸಿ ಸ್ಟೋನ್, ಮತವಿಲ್ಲದೆ ತೆರಿಗೆಯಿಲ್ಲ ಎಂದು ಮನೆಯ ತೆರಿಗೆ ಕಟ್ಟಲು ನಿರಾಕರಿಸಿದರು. 1858ರ ಜನವರಿಯಲ್ಲಿ ಅವರ ಮನೆಯ ಸಾಮಾನುಗಳನ್ನು ಹರಾಜು ಹಾಕಲಾಯಿತು. 1867ರಲ್ಲಿ ಅವರು ನ್ಯೂಜೆರ್ಸಿ ಶಾಸನಸಭೆಯ ಮುಂದೆ ನಿಂತು, ಈ ರಾಜ್ಯದ ಮಹಿಳೆಯರು ಹೊಸ ಹಕ್ಕನ್ನು ಬೇಡುತ್ತಿಲ್ಲ, ಕಳೆದುಕೊಂಡದ್ದನ್ನು ಕೇಳುತ್ತಿದ್ದಾರೆ ಎಂಬ ಅರ್ಥದಲ್ಲಿ ವಾದಿಸಿದರು. ಮರುವರ್ಷ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ 172 ಮಹಿಳೆಯರು ಪ್ರತ್ಯೇಕ ಪೆಟ್ಟಿಗೆಯಲ್ಲಿ ಮತ ಹಾಕಿ ಪ್ರತಿಭಟಿಸಿದರು. ಆ ಮತಗಳು ಎಣಿಕೆಗೆ ಸೇರಲಿಲ್ಲ.

ಕಪ್ಪು ಪುರುಷರಿಗೆ ಹಕ್ಕು ಮರಳಿದ್ದು 1870ರ 15ನೇ ತಿದ್ದುಪಡಿಯಿಂದ. ಆ ತಿದ್ದುಪಡಿಯ ಅಡಿಯಲ್ಲಿ ದೇಶದಲ್ಲಿಯೇ ಮೊದಲು ಮತ ಹಾಕಿದ ಆಫ್ರಿಕನ್ ಅಮೆರಿಕನ್ ವ್ಯಕ್ತಿ ನ್ಯೂಜೆರ್ಸಿಯವರೇ. ಪರ್ತ್ ಆಂಬಾಯ್ ಊರಿನ ಥಾಮಸ್ ಮಂಡಿ ಪೀಟರ್ಸನ್ 1870ರ ಮಾರ್ಚ್ 31ರಂದು ಮತ ನೀಡಿದರು. ಅದೂ ಊರಿನ ಆಡಳಿತ ಸನ್ನದಿಗೆ ಸಂಬಂಧಿಸಿದ ಸ್ಥಳೀಯ ಮತದಾನ ಎಂಬುದು ಅರ್ಥಪೂರ್ಣ. ಮಹಿಳೆಯರು 1920ರ 19ನೇ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅಂದರೆ 113 ವರ್ಷ. 1807ರಲ್ಲಿ ಮತ ಹಾಕಿದ ಯಾವ ಮಹಿಳೆಯೂ ಆ ದಿನವನ್ನು ನೋಡಲಿಲ್ಲ.

ಇನ್ನು ಆ ಕೋರ್ಟ್‌ಹೌಸ್? ಚುನಾವಣೆ ರದ್ದಾದರೂ ನ್ಯಾಯಾಲಯ ನ್ಯೂಆರ್ಕ್‌ನಲ್ಲಿಯೇ ಉಳಿಯಿತು. 1857ರಲ್ಲಿ ಎಲಿಝಬೆತ್ ಸುತ್ತಲಿನ ಪ್ರದೇಶ ಎಸೆಕ್ಸ್‌ನಿಂದ ಬೇರ್ಪಟ್ಟು ಯೂನಿಯನ್ ಕೌಂಟಿಯಾಯಿತು. ಆ ಊರಿಗೂ ತನ್ನದೇ ಕೋರ್ಟ್‌ಹೌಸ್ ದೊರೆಯಿತು. ನ್ಯೂಆರ್ಕ್‌ನಲ್ಲಿ ಈಗ ಕಾಣುವ ಐತಿಹಾಸಿಕ ಕೋರ್ಟ್‌ಹೌಸ್ ಖ್ಯಾತ ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್ ವಿನ್ಯಾಸದ್ದು. ಅದು ತೆರೆದುಕೊಂಡದ್ದು 1907ರಲ್ಲಿ, ಆ ಗದ್ದಲದ ಮತದಾನಕ್ಕೆ ಸರಿಯಾಗಿ 100 ವರ್ಷ ತುಂಬಿದಾಗ. ಎರಡು ಊರುಗಳಿಗೂ ಬೇಕಾದದ್ದು ಕೊನೆಗೆ ಸಿಕ್ಕಿತ್ತು. ಆ ಜಗಳದಲ್ಲಿ ಮತ ಕಳೆದುಕೊಂಡ ಮಹಿಳೆಯರು ಮಾತ್ರ ಆ ವರ್ಷವೂ ಮತಗಟ್ಟೆಯ ಹೊರಗೇ ಇದ್ದರು.

ಪ್ರಮುಖ ಘಟ್ಟಗಳು

* 1776: ನ್ಯೂಜೆರ್ಸಿ ಸಂವಿಧಾನ, 50 ಪೌಂಡ್ ಆಸ್ತಿಯುಳ್ಳ ವಯಸ್ಕ ನಿವಾಸಿಗಳಿಗೆ ಮತ, ಶೆರೀಫ್‌ಗೆ ವಾರ್ಷಿಕ ಚುನಾವಣೆ
* 1777: ಆರೆಂಜ್ ಕೌಂಟಿಯಲ್ಲಿ ಮ್ಯಾಡಿಸನ್ ಸೋಲು
* 1790: ನ್ಯೂಜೆರ್ಸಿಯ 7 ಕೌಂಟಿಗಳ ಕಾಯ್ದೆಯಲ್ಲಿ ಮಹಿಳಾ ಮತದಾರರ ಸ್ಪಷ್ಟ ಉಲ್ಲೇಖ
* 1792: ನ್ಯೂಯಾರ್ಕಿನಲ್ಲಿ 3 ಕೌಂಟಿಗಳ ಮತ ತಿರಸ್ಕಾರ
* 1797: ನ್ಯೂಜೆರ್ಸಿಯಾದ್ಯಂತ ಮಹಿಳಾ ಮತದಾನ, ಚೀಟಿ ಪದ್ಧತಿ
* 1807: ಎಸೆಕ್ಸ್ ಕೋರ್ಟ್‌ಹೌಸ್ ಮತದಾನ ರದ್ದು, ಬಿಳಿಯ ಪುರುಷರಿಗಷ್ಟೇ ಮತ
* 1821: ನ್ಯೂಯಾರ್ಕಿನಲ್ಲಿ ಶೆರೀಫ್ ಆಯ್ಕೆ ಜನರಿಗೆ
* 1844: ಬಿಳಿಯ ಪುರುಷ ಷರತ್ತು ನ್ಯೂಜೆರ್ಸಿ ಸಂವಿಧಾನದೊಳಕ್ಕೆ
* 1851: ವರ್ಜೀನಿಯಾದಲ್ಲಿ ಕೌಂಟಿ ಹುದ್ದೆಗಳಿಗೆ ಚುನಾವಣೆ
* 1870: 15ನೇ ತಿದ್ದುಪಡಿ
* 1920: 19ನೇ ತಿದ್ದುಪಡಿ